ಹಳೇ ಕಾರಿನ ಸ್ಟಿಕರ್ ತಗೀಬೇಕು, ಬಣ್ಣ ಕಿತ್ತು ಬರಬಾರದು: ಗೊತ್ತಿದ್ದವರು ಹೇಳ್ರಿ

ನವನಗರ ಟೀಚರ್ · ಶನಿವಾರ

ಎಲ್ಲಾರಿಗೂ ನಮಸ್ಕಾರ. ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೀವಿ. 2011ರ ಮಾಡೆಲ್, ಕೆಂಪು ಬಣ್ಣ. ಎಂಜಿನ್ ಛಲೋ ಅದ, ಸೀಟೂ ಛಲೋ ಅವ. ಆದ್ರ ಮೊದಲಿನವರು ಗಾಡಿ ಮೈತುಂಬ ಸ್ಟಿಕರ್ ಹಚ್ಚಿಸ್ಯಾರ. ಎರಡೂ ಕಡೆ ಬಾಗಲದ ಮ್ಯಾಲ ಬಿಳೀ ಕರೀ ಪಟ್ಟಿ, ಬಾನೆಟ್ ಮ್ಯಾಲ ಹದ್ದಿನ ಚಿತ್ರ, ಡಿಕ್ಕಿ ಮ್ಯಾಲ ಯಾವುದೋ ಕೂಸಿನ ಹೆಸರು. ಹಿಂದಿನ ಗಾಜಿನ ಮ್ಯಾಲ ಸಿದ್ಧಾರೂಢರ ಚಿತ್ರ, ಅದರ ಕೆಳಗ ಅವರ ಮನೆತನದ ಹೆಸರು ದೊಡ್ಡ ಅಕ್ಷರದಾಗ.

ಬಾಗಲದ ಪಟ್ಟಿ ಬ್ಯಾಸಿಗ್ಯಾಗ ಕೆರಿ ಮಣ್ಣು ಒಡದಂಗ ಒಡದಾವ. ಉಗುರಲೆ ಎಬ್ಬಿಸಿದ್ರ ಗೋಧಿ ಕಾಳಿನಷ್ಟು ಚೂರು ಬರ್ತದ, ಅಲ್ಲೇ ನಿಲ್ತದ. ಒಬ್ಬರು ತಿನ್ನರ್ ಹಾಕಿದ್ರ ಹತ್ತು ನಿಮಿಷದ ಕೆಲಸ ಅಂದ್ರು. ಇನ್ನೊಬ್ಬರು ಪೂರಾ ಬಣ್ಣಾನ ಹೊಡಸ್ರಿ ಅಂದ್ರು. ಅಷ್ಟು ರೊಕ್ಕ ಈಗ ಇಲ್ಲ. ಮನ್ಯಾಗ ಕುಂತು ಮಾಡೋ ಹಂಗಿದ್ರ ನಾನೂ ನಮ್ಮ ಮಗನೂ ಕೂಡಿ ಮಾಡ್ತೀವಿ. ದಯವಿಟ್ಟು ತಿಳಿಸ್ರಿ.

ಸಪ್ತಾಪುರ ಕಾಕಾ · ಶನಿವಾರ

ತಂಗೀ, ತಿನ್ನರ್ ಮಾತ್ರ ಬ್ಯಾಡವಾ. ನನ್ನ ಗಾಡಿಗೆ ಆದದ್ದು ಹೇಳ್ತೀನಿ. ಮೂರು ವರ್ಷದ ಹಿಂದ ಒಂದು ವಾಷಿಂಗ್ ಸೆಂಟರಿನ್ಯಾಗ ಗಾಡಿ ತೊಳಸಾಕ ಬಿಟ್ಟಿದ್ದೆ. ಹಿಂದಿನ ಬಾಗಲದ ಮ್ಯಾಲ ಒಂದು ಸಣ್ಣ ಸ್ಟಿಕರ್ ಇತ್ತು, ಅದನ್ನೂ ತಗದಬಿಡಪಾ ಅಂದೆ. ಹುಡುಗ ಅರಿವಿಗೆ ತಿನ್ನರ್ ಹಚ್ಚಿ ತಿಕ್ಕಿದ. ಸ್ಟಿಕರ್ ಹೋತು, ಅಂಟೂ ಹೋತು. ಮನಿಗೆ ಬಂದು ನೋಡಿದ್ರ ಅಂಗೈ ಅಗಲ ಜಾಗದಾಗ ಹೊಳಪ ಇಲ್ಲ, ಮುಟ್ಟಿದ್ರ ಬೆರಳ ಗುರುತು ಮೂಡ್ತದ. ಆ ಬಾಗಲ ಹಿಂದೊಮ್ಮೆ ಗುದ್ದಿಸಿಕೊಂಡು ಪೇಂಟ್ ಆಗಿದ್ದು ಅನ್ನೋದು ನನಗ ನೆನಪಿತ್ತು, ಹುಡುಗಗ ಹೇಳಲಿಲ್ಲ. ಅವಂದು ತಪ್ಪು ಅಂತ ಆವತ್ತು ಭಾಳ ಸಿಟ್ಟು ಮಾಡಿದೆ. ಹೇಳದೇ ಇದ್ದವ ನಾನೂ ಇದ್ದೆ.

ದುರ್ಗದಬೈಲ್ ರೇಡಿಯಂ · ಶನಿವಾರ ರಾತ್ರಿ

ಅಕ್ಕಾರ, ನಾನು ರೇಡಿಯಂ ಕಟಿಂಗ್ ಕೆಲಸದವ. ಹಚ್ಚೂದು ನನ್ನ ಉದ್ಯೋಗ, ತಗಿಯೂದೂ ಅಷ್ಟ ಮಾಡೀನಿ. ನಿಮ್ಮ ಪಟ್ಟಿ ಚೂರ ಚೂರ ಆಗೂದು ಯಾಕಂದ್ರ, ಈ ಸ್ಟಿಕರ್ ಪಿವಿಸಿ ಅನ್ನೋ ಪ್ಲಾಸ್ಟಿಕ್ ಹಾಳಿ. ಹೊಸದಿದ್ದಾಗ ಅದು ಮೆತ್ತಗ ಇರಲಿ ಅಂತ ಒಂದು ಎಣ್ಣಿಯಂಥ ಪದಾರ್ಥ ಸೇರಿಸಿರ್ತಾರ. ಬಿಸಲಿಗೆ ನಾಕೈದು ವರ್ಷ ಒಣಗಿದ್ರ ಅದು ಹಾರಿ ಹೋಗ್ತೈತಿ, ಹಾಳಿ ಹಪ್ಪಳ ಆಗ್ತೈತಿ. ಕೆಳಗಿನ ಅಂಟು ಮಾತ್ರ ಬಣ್ಣಕ್ಕ ಇನ್ನೂ ಗಟ್ಟಿ ಕಚ್ಚಿರ್ತೈತಿ.

ಇದಕ್ಕ ಔಷಧ ಕಾವು. ಕೂದಲ ಒಣಗಿಸೋ ಡ್ರೈಯರ್ ಸಾಕು. ಅರ್ಧ ಗೇಣು ದೂರ ಹಿಡೀರಿ, ಒಂದ ಕಡೆ ನಿಲ್ಲಿಸಬ್ಯಾಡ್ರಿ, ಆ ಕಡೆ ಈ ಕಡೆ ಆಡಿಸ್ತಾ ಇರ್ರಿ. ಬಣ್ಣದ ಮ್ಯಾಲ ನಿಮ್ಮ ಅಂಗೈ ಇಟ್ರ ಎರಡು ಮೂರು ಎಣಸೂತನ ತಡಕೊಳ್ಳೋ ಹಂಗಿರಬೇಕು. ಅದಕ್ಕಿಂತ ಹೆಚ್ಚು ಕಾಯಿಸೋ ಅವಶ್ಯಕತೆ ಇಲ್ಲ. ನಮ್ಮಂಥವರ ಹತ್ತರ ಇರೋ ಹೀಟ್ ಗನ್ 300 ಡಿಗ್ರಿ ದಾಟಿ ಗಾಳಿ ಉಗಳ್ತೈತಿ. ಕೈಪಳಗಿಲ್ಲದವರು ಅದನ್ನ ಮುಟ್ಟಬಾರದು. ಬಣ್ಣ ಗುಳ್ಳಿ ಏಳ್ತೈತಿ, ಪ್ಲಾಸ್ಟಿಕ್ ಬಂಪರ್ ಅಂತೂ ಸೊಟ್ಟ ಆಗಿಬಿಡ್ತೈತಿ.

ಕಾವು ಹತ್ತಿದ ಮ್ಯಾಲ ಒಂದು ಮೂಲಿ ಎಬ್ಬಿಸಿ, ಸ್ಟಿಕರಿನ ಮ್ಯಾಲ ಸ್ಟಿಕರ್ ಮಡಿಚಿದಂಗ ಹಿಂದಕ್ಕ ಎಳೀರಿ. ನಿಮ್ಮ ಕಡೆ ನೆಟ್ಟಗ ಜಗ್ಗಬ್ಯಾಡ್ರಿ. ಹೋಳಿಗಿ ಹಾಳಿ ಸುಲದಂಗ, ಹಗೂರಕ. ತುಂಡಾದ್ರ ನಿಲ್ರಿ, ಮತ್ತ ಕಾಯಿಸ್ರಿ.

ಹೊಳಿಯೋ ರೇಡಿಯಂ ಹಾಳಿ ಇದ್ರ ಇನ್ನೊಂದು ತ್ರಾಸ ಐತಿ. ಅದು ಎರಡು ಮೂರು ಪದರಿನದು. ಮ್ಯಾಲಿನದು ಬಂದು ಬೆಳ್ಳಿ ಬಣ್ಣದ ಪದರು ಅಲ್ಲೇ ಉಳೀತೈತಿ. ಅದಕ್ಕ ಎರಡು ಸಲ ಕಾಯಿಸಬೇಕಾಗ್ತೈತಿ.

ಗದಗ ಪೇಂಟರ್ · ಭಾನುವಾರ ಮುಂಜಾನೆ

ರೇಡಿಯಂ ತಮ್ಮ ಹೇಳಿದ್ದು ಬರೋಬ್ಬರಿ ಐತಿ. ಆದ್ರ ಟೀಚರ್ರ, ಡ್ರೈಯರ್ ಹಚ್ಚೂದ್ಕಿಂತ ಮೊದಲ ಒಂದು ಕೆಲಸ ಮಾಡ್ರಿ. ಸ್ಟಿಕರ್ ಕೆಳಗಿನ ಬಣ್ಣ ಕಂಪನೀದೋ ಗ್ಯಾರೇಜಿನದೋ ಅನ್ನೂದು ನೋಡ್ರಿ. ಎಲ್ಲಾ ಅದರ ಮ್ಯಾಲ ನಿಂತೈತಿ.

ಕಂಪನ್ಯಾಗ ಬಣ್ಣ ಹೊಡದ ಬಾಡಿನ 140 ಡಿಗ್ರಿ ಹತ್ತರ ಭಟ್ಟಿಯೊಳಗ ಬೇಯಸ್ತಾರ. ಅದು ಕುಂಬಾರ ಸುಟ್ಟ ಗಡಿಗಿ ಇದ್ದಂಗ. ನಮ್ಮ ಗ್ಯಾರೇಜಿನ್ಯಾಗ ಗಾಳಿಗೆ ಒಣಗಸ್ತೀವಿ, ಬಣ್ಣ ಹೊಡಿಯೋ ಮುಚ್ಚಿದ ಕೋಣಿ, ಅಂದ್ರ ಬೂತ್ ಇದ್ದವರು 60 ಡಿಗ್ರಿ ಕೊಡ್ತಾರ. ಅದ್ರಾಗೂ ಪಿಯು (ಪಾಲಿಯುರೆಥೇನ್) ಪೇಂಟ್ ಇದ್ರ, ಅದರಾಗ ಬೆರಸೋ ಹಾರ್ಡನರ್ ಅನ್ನೋ ದ್ರವ ಕೂಡಿ ಗಟ್ಟಿ ಆಗಿರ್ತೈತಿ. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಇತ್ತಂದ್ರ, ಅದನ್ನ ತಿನ್ನರ್‌ನ್ಯಾಗ ಕರಗಿಸೇ ಹೊಡದಿರ್ತಾರ. ತಿನ್ನರ್ ಹಾರಿತು, ಬಣ್ಣ ಉಳೀತು. ಹತ್ತು ವರ್ಷ ಆದ ಮ್ಯಾಲೂ ತಿನ್ನರ್ ತಾಗಿದ್ರ ಮತ್ತ ಕರಗತೈತಿ. ಕಾಕಾರ ಬಾಗಲಕ್ಕ ಆಗಿದ್ದು ಇದ.

ಗುರ್ತು ಹಿಡಿಯೂದು ಕಷ್ಟ ಅಲ್ಲ. ಬಾಗಲದ ರಬ್ಬರ್ ಬೀಡಿಂಗ್ ಜರಾ ಎಬ್ಬಿಸಿ ನೋಡ್ರಿ. ಅಂಚಿನ ಮ್ಯಾಲ ಬಣ್ಣದ ಗೆರಿ, ಹನಿ ಕಂಡ್ರ ಅದು ಆಮ್ಯಾಲ ಹೊಡದದ್ದು. ಸಂಜಿ ಬಿಸಲು ಅಡ್ಡ ಬೀಳೋ ಹೊತ್ತಿಗೆ ಒಂದು ಬಾಗಲಕ್ಕೂ ಬಾಜೂ ಬಾಗಲಕ್ಕೂ ಕಣ್ಣು ಹಾಯಸ್ರಿ, ಒಂದು ಕಿತ್ತಳೆ ಸಿಪ್ಪಿ ಇದ್ದಂಗ ಕಂಡ್ರ ಸಂಶಯ ಮಾಡ್ರಿ. ಫ್ರಿಜ್ಜಿಗೆ ಹಚ್ಚೋ ಸಣ್ಣ ಅಯಸ್ಕಾಂತ ತಂದು ತೆಳ್ಳನ ಅರಿವ್ಯಾಗ ಸುತ್ತಿ ಮುಟ್ಟಸ್ರಿ. ಒಂದು ಕಡೆ ಟಕ್ಕನ ಹಿಡದು ಇನ್ನೊಂದು ಕಡೆ ಸಡ್ಲ ಆದ್ರ ಅಲ್ಲಿ ಒಳಗ ಲಪ್ಪ, ಅಂದ್ರ ತಗ್ಗು ಮುಚ್ಚೋ ಪುಟ್ಟಿ ತುಂಬ್ಯಾರ.

ಇನ್ನೊಂದು ಮಾತು. ಏನರ ಔಷಧ ಹಚ್ಚಿ ಪರೀಕ್ಷಾ ಮಾಡೂದಿದ್ರ ಎಲ್ಲಾರೂ ಪೆಟ್ರೋಲ್ ಮುಚ್ಚಳದ ಒಳಗ ಮಾಡ್ರಿ ಅಂತಾರ. ಅದು ತಪ್ಪು. ಮುಚ್ಚಳ ಕಂಪನೀದ ಇರ್ತೈತಿ, ಬಾಗಲ ಗ್ಯಾರೇಜಿಂದ ಇರಬಹುದು. ಯಾವ ಬಾಗಲದ ಸ್ಟಿಕರ್ ತಗೀತೀರೋ ಅದ ಬಾಗಲದ ಕೆಳಗಿನ ಅಂಚಿನ್ಯಾಗ ಪರೀಕ್ಷಾ ಮಾಡ್ರಿ.

ನವನಗರ ಟೀಚರ್ · ಭಾನುವಾರ ಸಂಜಿ

ಭಾಳ ಉಪಕಾರ ಆತು. ಇವತ್ತು ಎಡಗಡೆ ಮುಂದಿನ ಬಾಗಲ ಮುಗೀತು! ಹೆಂಗ ಮಾಡಿದ್ವಿ ಅಂತ ಬರೀತೀನಿ, ಮುಂದ ಯಾರಿಗರ ಬೇಕಾಗಬಹುದು.

ಅಯಸ್ಕಾಂತ ನಾಲ್ಕೂ ಬಾಗಲಕ್ಕ ಒಂದ ನಮೂನಿ ಹಿಡೀತು, ಬೀಡಿಂಗಿನ ಕೆಳಗೂ ಗೆರಿ ಕಾಣಲಿಲ್ಲ. ಮೊದಲ ಗಾಡಿ ಶಾಂಪೂ ಹಚ್ಚಿ ತೊಳದ್ವಿ, ಯಾಕಂದ್ರ ಧೂಳ ಇದ್ದಾಗ ಅರಿವಿ ಆಡಿಸಿದ್ರ ಗೀರು ಬೀಳ್ತಾವ ಅಂತ ನಮ್ಮ ಮನೆಯವರು ಅಂದ್ರು. ಆಮ್ಯಾಲ ಮಧ್ಯಾಹ್ನ ಒಂದು ತಾಸು ಬಿಸಲಾಗ ನಿಲ್ಲಿಸಿದ್ವಿ. ಈ ಏಪ್ರಿಲ್ ಬಿಸಲು ಅರ್ಧ ಕೆಲಸ ತಾನ ಮಾಡಿತ್ತು. ಜಗಲಿ ಮ್ಯಾಲಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಹಾಕಿ ಮಗ ಡ್ರೈಯರ್ ಹಿಡದ, ನಾನು ಸುಲದೆ. ನಿನ್ನಿ ಗೋಧಿ ಕಾಳಿನಷ್ಟು ಬರ್ತಿದ್ದದ್ದು ಇವತ್ತು ಗೇಣು ಗೇಣು ಉದ್ದ ಬಂತು. ಕಾವು ಆರಿದ ಕೂಡಲೇ ಟಿಕ್ ಅಂತ ಕಡೀತದ. ಆ ಸಪ್ಪಳ ಕೇಳಿದ್ರ ನಿಲ್ಲಿಸಬೇಕು ಅಂತ ಕೈಗೆ ತಾನ ಗೊತ್ತಾಗ್ತಾ ಹೋತು. ಮೂಲಿ ಎಬ್ಬಿಸಾಕ ಹೊಸ ಸಿಮ್ ಜೋಡಿ ಬರೋ ಪ್ಲಾಸ್ಟಿಕ್ ಚೌಕಟ್ಟು ಬಳಸಿದೆ. ಅದು ಬಾಗ್ತದ, ಬಣ್ಣಕ್ಕ ಕಚ್ಚೂದಿಲ್ಲ.

ಈಗ ಅಂಟು ಉಳದದ. ಬೆಲ್ಲದ ಪಾಕ ಒಣಗಿದಂಗ ಹಳದಿ ಪದರು, ಮ್ಯಾಲ ಧೂಳ ಕುಂತು ಕರ್ರಗ ಆಗ್ಲಿಕತ್ತದ. ಇದಕ್ಕೇನು ಹಚ್ಚಲಿ? ಕೊಬ್ರಿ ಎಣ್ಣಿ ಹಚ್ಚಿ ನೋಡಿದೆ, ಜರಾ ಮೆತ್ತಗ ಆತು, ಹೋಗಲಿಲ್ಲ.

ಕೇಶ್ವಾಪುರ ಗಾಡಿ · ಭಾನುವಾರ ರಾತ್ರಿ

ನಾನು ಮನೆಯಲ್ಲೇ ಮೂರು ಗಾಡಿಗಳ ಅಂಟು ತೆಗೆದವನು. ಕೊಬ್ಬರಿ ಎಣ್ಣೆ ಕೆಡುಕು ಮಾಡುವುದಿಲ್ಲ, ಆದರೆ ತಡ. ಡಬ್ಲ್ಯೂಡಿ-40 ಚೆನ್ನಾಗಿ ಕೆಲಸ ಮಾಡುತ್ತದೆ. ತುಕ್ಕು ಹಿಡಿಯದಂತೆ ನೀರನ್ನು ದೂರ ತಳ್ಳಲೆಂದು 1953ರಲ್ಲಿ ಮಾಡಿದ ದ್ರವ ಅದು, 40ನೇ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಹೆಸರು. ಅಂಟು ಬಿಡಿಸಲು ಅದು ಹುಟ್ಟಿದ್ದಲ್ಲ, ಆದರೂ ಒಳಗಿನ ಎಣ್ಣೆ ಅಂಟಿನೊಳಗೆ ಇಳಿದು ಹಿಡಿತ ಬಿಡಿಸುತ್ತದೆ. ಮೆಡಿಕಲ್ ಅಂಗಡಿಯ ನೀಲಗಿರಿ ಎಣ್ಣೆಯೂ ಆಗುತ್ತದೆ. ಪೇಂಟ್ ಅಂಗಡಿಯ ಟರ್ಪಂಟೈನ್ ಕೂಡ ಸೌಮ್ಯ. ಚಿಮಣಿ ಎಣ್ಣೆ ಹಿಂದೆ ಎಲ್ಲರ ಮನೆಯ ಔಷಧವಾಗಿತ್ತು, ಈಗ ಸಿಗುವುದೇ ಕಷ್ಟ.

ಮುಖ್ಯವಾದ ಮಾತು: ಸುಲಿಯುವುದು ಬಿಸಿಯಲ್ಲಿ, ಒರೆಸುವುದು ನೆರಳಿನಲ್ಲಿ. ಕಾದ ತಗಡಿನ ಮೇಲೆ ಏನು ಹಚ್ಚಿದರೂ ಅಂಟಿಗೆ ಇಳಿಯುವ ಮೊದಲೇ ಆರಿಹೋಗುತ್ತದೆ, ಕಲೆಯೂ ಉಳಿಯುತ್ತದೆ. ಬಾಗಿಲು ಪೂರ್ತಿ ತಣ್ಣಗಾಗಲಿ. ಹಳೆಯ ಬನಿಯನ್ ಅರಿವೆಯನ್ನು ದ್ರವದಲ್ಲಿ ನೆನೆಸಿ ಅಂಟಿನ ಮೇಲೆ ಐದು ನಿಮಿಷ ಹಾಸಿಬಿಡಿ, ತಿಕ್ಕಬೇಡಿ. ಆಮೇಲೆ ಹೆಬ್ಬೆರಳಿನಿಂದ ಉಜ್ಜಿದರೆ ಅಂಟು ಶಾವಿಗೆಯಂತೆ ಉಂಡೆ ಕಟ್ಟಿ ಬರುತ್ತದೆ. ಕೊನೆಗೆ ಶಾಂಪೂ ನೀರಿನಿಂದ ತೊಳೆದು ಎಣ್ಣೆ ಜಿಡ್ಡು ಬಿಡಿಸಿ. ಬೋರ್‌ವೆಲ್ಲಿನ ಸವಳು ನೀರಾದರೆ ತಕ್ಷಣ ಒರೆಸಿ, ಒಣಗಿದರೆ ಬಿಳಿ ಚುಕ್ಕಿ ನಿಲ್ಲುತ್ತವೆ. ನಮ್ಮಲ್ಲಿ ಮಲಪ್ರಭೆ ನೀರು ಬಿಡುವ ದಿನ ನೋಡಿಯೇ ನಾನು ಗಾಡಿ ತೊಳೆಯುವುದು.

ಈ ದ್ರವಗಳೆಲ್ಲ ಉರಿಯುವಂಥವು. ಡ್ರೈಯರ್ ಒಳಗಿಟ್ಟು ಬಂದ ಮೇಲೆಯೇ ಬಾಟಲಿ ಹೊರಗೆ ತನ್ನಿ. ಪೆಟ್ರೋಲ್ ಮಾತ್ರ ಯಾರು ಹೇಳಿದರೂ ಬೇಡ. ಉಗುರು ಬಣ್ಣ ತೆಗೆಯುವ ದ್ರವವೂ ಬೇಡ, ಅದರಲ್ಲಿರುವ ಅಸಿಟೋನ್ ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ವೈರಿ.

ಹಾವೇರಿ ಛೋಟಾ ಹಾತಿ · ಸೋಮವಾರ

ನಡುವ ಕೇಳ್ತೀನಿ ಅಂತ ಬ್ಯಾಸರ ಮಾಡ್ಕೋಬ್ಯಾಡ್ರಿ. ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಚೀಲ ಹೊಡಿಯೋ ಗಾಡಿ ನಂದು. ಸುತ್ತಲೂ ಹೊಳಿಯೋ ಪಟ್ಟಿ ಹರದಾವು. ತಗದಬಿಡಲೇನು?

ಗದಗ ಪೇಂಟರ್ · ಸೋಮವಾರ

ತಗೀಬ್ಯಾಡಪಾ ತಮ್ಮಾ. ಮುಂದ ಬಿಳೀದು, ಬಾಜೂಕ ಹಳದಿ, ಹಿಂದ ಕೆಂಪು ಪಟ್ಟಿ ಸರಕಿನ ಗಾಡಿಗೆ ಕಾಯ್ದೆ ಪ್ರಕಾರ ಇರಬೇಕು. ಹರದಿದ್ರ ಹಳೇದು ತಗದ ದಿನಾನ ಹೊಸಾದು ಹಚ್ಚಸು. ರಾತ್ರಿ ಹೈವೇ ಬಾಜೂ ಗಾಡಿ ನಿಂತಾಗ ಹಿಂದ ಬರೋ ಲಾರಿಯವಗ ಅದೊಂದ ಕಾಣೂದು.

ನವನಗರ ಟೀಚರ್ · ಮಂಗಳವಾರ ಮುಂಜಾನೆ

ಮನಸ್ಸಿಗೆ ಭಾಳ ಸಂಕಟ ಆಗ್ಯದ. ಬಾಗಲ ನಾಲ್ಕೂ ಚಂದ ಆದ್ವು ಅನ್ನೋ ಹುರುಪಿನ್ಯಾಗ ಇವತ್ತು ಸಾಲಿಗೆ ಹೋಗೂದ್ರೊಳಗ ಡಿಕ್ಕಿ ಮ್ಯಾಲಿನ ಹೆಸರು ತಗದಬಿಡೂಣು ಅಂತ ಆರೂವರಿಗೆ ಕುಂತೆ. ಕರೆಂಟ್ ಇರಲಿಲ್ಲ. ಅಕ್ಷರದ ಅಂಚು ತಾನ ಎದ್ದಿತ್ತು, ತಣ್ಣಗಿದ್ದಾಗಲೇ ಹಿಡದು ಜಗ್ಗಿದೆ. ಮೊದಲನೇ ಅಕ್ಷರ ಬಂತು. ಎರಡನೇದರ ಜೋಡಿ ಹೆಬ್ಬೆರಳ ಉಗುರಿನಷ್ಟು ಬಣ್ಣ ಕಿತ್ತು ಬಂತು. ಸ್ಟಿಕರಿನ ಹಿಂದ ಕೆಂಪು ಪದರು ಹಂಗಂಗ ಹತ್ತಿ ಬಂದದ. ಗಾಡಿ ಮ್ಯಾಲ ಬೂದು ಬಣ್ಣ ಕಾಣ್ತದ. ಡಿಕ್ಕಿಗೆ ಅಯಸ್ಕಾಂತ ಹಚ್ಚಿ ನೋಡೂದು ಮರತಿದ್ದೆ.

ಗದಗ ಪೇಂಟರ್ · ಮಂಗಳವಾರ

ಟೀಚರ್ರ, ಇನ್ನ ಮುಂದ ಆ ಡಿಕ್ಕಿ ಮುಟ್ಟಬ್ಯಾಡ್ರಿ, ಫೋಟೋ ಹಾಕ್ರಿ.

ಗದಗ ಪೇಂಟರ್ · ಮಂಗಳವಾರ ಮಧ್ಯಾಹ್ನ

ಫೋಟೋ ನೋಡಿದೆ. ಡಿಕ್ಕಿ ಪೇಂಟ್ ಆಗೇತಿ, ಯಾರೋ ಹಿಂದಿಂದ ಗುದ್ಯಾರ. ಬೂದು ಕಾಣೂದು ಪ್ರೈಮರ್, ಬಣ್ಣಕ್ಕಿಂತ ಮೊದಲ ಹೊಡಿಯೋ ಪದರು. ತಗಡ ಕಂಡಿಲ್ಲ ಅನ್ನೂದು ಛಲೋ ಆತು, ತಗಡ ಕಂಡಿದ್ರ ಮಳಿಗಾಲಕ್ಕ ತುಕ್ಕು ಹಿಡೀತಿತ್ತು. ಪ್ರೈಮರ್ ಒಣಗಿದ ಮ್ಯಾಲ ವಾಟರ್ ಪೇಪರ್ (ನೀರು ಹಚ್ಚಿ ತಿಕ್ಕೋ ಮರಳು ಕಾಗದ) ಹಾಕಿ ತಿಕ್ಕಬೇಕು. ಆಗ ಸಣ್ಣ ಸಣ್ಣ ಗೀರು ಬೀಳ್ತಾವು, ಬಣ್ಣ ಆ ಗೀರಿನ್ಯಾಗ ಕಾಲೂರಿ ನಿಲ್ತೈತಿ. ಅವಸರದಾಗ ತಿಕ್ಕದ ಹೊಡದ್ರ ಬಣ್ಣ ಮ್ಯಾಲ ಹಾಸಿದಂಗ ಕುಂತಿರ್ತೈತಿ. ಸ್ಟಿಕರಿನ ಅಂಟಿನ ಹಿಡಿತ ಆ ಬಣ್ಣದ ಹಿಡಿತಕ್ಕಿಂತ ಹೆಚ್ಚು. ತಣ್ಣಗಿದ್ದಾಗ ನೆಟ್ಟಗ ಜಗ್ಗಿದ್ರ ಸೋಲೂದು ಬಣ್ಣ. ತಪ್ಪು ಪೂರಾ ನಿಮ್ಮದಲ್ಲ, ಹಿಂದ ಕೆಲಸ ಮಾಡಿದವಂದೂ ಐತಿ.

ಆ ಗಾಯದ ಅಂಚು ಎದ್ದಿದ್ರ ಉಗುರು ಹಾಕಬ್ಯಾಡ್ರಿ. ಸಣ್ಣ ಟಚ್‌ಅಪ್ ಬಾಟಲಿ ಸಿಗತೈತಿ, ಗಾಡಿ ಬಣ್ಣದ ಕೋಡ್ ನೋಡಿ ತಗೋರಿ. ಬ್ರಷ್ಷಿಂದ ತೆಳ್ಳಗ ಹಚ್ಚಿ ಒಣಗಿಸಿ ಮತ್ತೊಂದು ಸಲ ಹಚ್ರಿ. ಒಮ್ಮೇಲೆ ದಪ್ಪ ಹಚ್ಚಿದ್ರ ಹನಿ ನಿಲ್ತೈತಿ. ಅದು ಬಣ್ಣದ ಕೆಲಸ ಅಂತ ತಿಳೀಬ್ಯಾಡ್ರಿ, ನೀರು ಹೋಗದಂಗ ಮುಚ್ಚೋ ಕೆಲಸ.

ಉಳದ ಅಕ್ಷರಕ್ಕ ಡ್ರೈಯರ್ ಬ್ಯಾಡ. ಟಾವೆಲ್ ಬಿಸಿನೀರಾಗ ಅದ್ದಿ ಹಿಂಡಿ ಹತ್ತು ನಿಮಿಷ ಹಾಸ್ರಿ. ಎರಡು ಮೂರು ಸಲ. ಆಮ್ಯಾಲ ನೀಲಗಿರಿ ಎಣ್ಣಿ ಅಂಚಿಗೆ ಬಿಟ್ಟು, ಅದು ಒಳಗ ಇಳದಷ್ಟ ಎಬ್ಬಿಸ್ರಿ. ಎಣ್ಣೀನೂ ಮೊದಲ ಡಿಕ್ಕಿ ಕೆಳಗಿನ ಅಂಚಿಗೆ ಪರೀಕ್ಷಾ ಮಾಡ್ರಿ. ದಿನಕ್ಕೊಂದ ಅಕ್ಷರ ಆದ್ರೂ ನಡೀತೈತಿ.

ಸಪ್ತಾಪುರ ಕಾಕಾ · ಮಂಗಳವಾರ

ಉಗುರಿನಷ್ಟಕ್ಕ ಉಳೀತಲ್ಲ ತಂಗೀ. ನಂದು ಅಂಗೈ ಅಗಲ ಇತ್ತು.

ಕೇಶ್ವಾಪುರ ಗಾಡಿ · ಬುಧವಾರ

ಗಾಜಿನ ವಿಷಯ ಯಾರೂ ಹೇಳಿಲ್ಲ, ನಾನು ಹೇಳಿಬಿಡುತ್ತೇನೆ. ಬಣ್ಣದ ಮೇಲೆ ಬ್ಲೇಡ್ ಎಂದೂ ಮುಟ್ಟಬಾರದು, ಆದರೆ ಗಾಜಿನ ಹೊರಮೈಗೆ ಹೊಸ ಬ್ಲೇಡ್ ಆಗುತ್ತದೆ. ಸಾಬೂನು ನೀರು ಧಾರಾಳವಾಗಿ ಚಿಮುಕಿಸಿ, ಬ್ಲೇಡನ್ನು ಗಾಜಿಗೆ ತಾಗಿದಂತೆ ಮಲಗಿಸಿ ಒಂದೇ ದಿಕ್ಕಿಗೆ ತಳ್ಳಬೇಕು. ಹಿಂದಿನ ಗಾಜಿನ ಒಳಗಡೆ ಅಡ್ಡಡ್ಡ ಕಂದು ಗೆರೆಗಳಿದ್ದರೆ ಅವು ಮಂಜು ಕರಗಿಸುವ ತಂತಿಗಳು. ಒಳಗಡೆ ಬ್ಲೇಡ್ ಹಾಕಿದರೆ ಒಂದು ಗೆರೆ ಕಡಿದರೂ ಆ ಸಾಲು ಕೆಲಸ ನಿಲ್ಲಿಸುತ್ತದೆ. ಹಳೆಯ ಕಪ್ಪು ಫಿಲ್ಮ್ ಒಳಗೆ ಇದ್ದರೆ ಅದನ್ನೂ ತೆಗೆಯಿರಿ. 2012ರಲ್ಲೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿತ್ತು. ಸಾಬೂನು ನೀರು ಹಚ್ಚಿ ಹೊರಗಿನಿಂದ ಕರಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಿಗೆ ನಿಲ್ಲಿಸಿದರೆ ಮೂಲೆ ತಾನೇ ಸಡಿಲಾಗುತ್ತದೆ.

ಮುಂದಿನ ಗಾಜಿನ ಒಳಗೆ ಎರಡು ಸ್ಟಿಕರ್ ಇರಬಹುದು. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ನಂಬರ್ ಪ್ಲೇಟ್ ಜೊತೆ ಬಂದ, ಗಾಡಿ ನಂಬರ್ ಇರುವ ಸ್ಟಿಕರ್ ಇದ್ದರೆ ಮುಟ್ಟಬೇಡಿ. ಅದು ನೋಂದಣಿಯ ಭಾಗ, ಕಿತ್ತರೆ ಹರಿದುಹೋಗುವಂತೆಯೇ ಮಾಡಿರುತ್ತಾರೆ. ಫಾಸ್ಟ್ಯಾಗ್ ಹಳೆಯ ಮಾಲೀಕರ ಹೆಸರಿನಲ್ಲಿದ್ದರೆ ಅವರಿಂದ ಮೊದಲು ಅದನ್ನು ಮುಚ್ಚಿಸಿ, ಆಮೇಲೆ ಕೀಳಿ. ಕಿತ್ತದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ನವನಗರ ಟೀಚರ್ · ಭಾನುವಾರ

ಐದು ದಿನದಾಗ ಡಿಕ್ಕಿ ಮುಗೀತು. ಬಿಸಿನೀರಿನ ಟಾವೆಲ್, ನೀಲಗಿರಿ ಎಣ್ಣಿ, ಸಂಜಿಗೆ ಒಂದೊಂದ ಅಕ್ಷರ. ಮತ್ತ ಬಣ್ಣ ಏಳಲಿಲ್ಲ. ಕೈ ಎಲ್ಲಾ ನೀಲಗಿರಿ ವಾಸನಿ, ಸಾಲ್ಯಾಗ ಹುಡುಗ್ರು ನೆಗಡಿ ಆಗೇದೇನ್ರಿ ಟೀಚರ್ ಅಂತ ಕೇಳಿದ್ರು. ಗಾಯಕ್ಕ ಟಚ್‌ಅಪ್ ಎರಡು ಕೋಟ್ ಹಚ್ಚೀನಿ.

ಹಿಂದಿನ ಗಾಜಿನ ಮನೆತನದ ಹೆಸರು ಬ್ಲೇಡಿಗೆ ಸಲೀಸ ಬಂತು. ಸಿದ್ಧಾರೂಢರನ್ನ ಮಾತ್ರ ತಗಿಯಾಕ ಕೈ ಬರಲಿಲ್ಲ. ನಮ್ಮ ಅತ್ತಿಯವರು ಶಿವರಾತ್ರಿ ತೇರಿಗೆ ತಪ್ಪದ ಮಠಕ್ಕ ಹೋಗ್ತಿದ್ರು. ಸೋಮವಾರಕ್ಕೊಮ್ಮೆ ನನ್ನೂ ಕರಕೊಂಡು ಹೋಗ್ತಿದ್ರು. ಅಂಚು ಎಲ್ಲೂ ಎದ್ದಿಲ್ಲ, ಹಂಗ ಇರಲಿ ಅಂತ ಬಿಟ್ಟೀನಿ. ಬಾನೆಟ್ಟಿನ ಹದ್ದು ಹೋತು.

ಈಗ ಒಂದು ಕಡೀ ಪ್ರಶ್ನಿ. ಸ್ಟಿಕರ್ ಇದ್ದ ಜಾಗದಾಗ ಬಣ್ಣ ಕುಂಕುಮದಂಗ ಗಾಢ ಅದ. ಸುತ್ತಲಿಂದು ಮಾಸಿ ಇಟ್ಟಂಗಿ ಬಣ್ಣಕ್ಕ ಬಂದದ. ಹಿಂಗಾಗಿ ಡಿಕ್ಕಿ ಮ್ಯಾಲ ಆ ಕೂಸಿನ ಹೆಸರು ಇನ್ನೂ ಓದಾಕ ಬರ್ತದ.

ಗದಗ ಪೇಂಟರ್ · ಭಾನುವಾರ

ಅದು ಕಲಿ ಅಲ್ರಿ. ಸ್ಟಿಕರ್ ಕೆಳಗ ಇದ್ದದ್ದು ನಿಜವಾದ ಬಣ್ಣ, ಸುತ್ತಲಿಂದ ಬಿಸಲಿಗೆ ಸುಟ್ಟದ್ದು. ಎಲ್ಲಾ ಬಣ್ಣದಾಗ ಕೆಂಪು ಲಗೂ ಮಾಸತೈತಿ. ಹಿಂಗಾಗಿ ಕೆಲಸ ಮಾಡೂದು ಅಕ್ಷರದ ಮ್ಯಾಲಲ್ಲ, ಸುತ್ತಲಿನ ಜಾಗದ ಮ್ಯಾಲ.

ರಬ್ಬಿಂಗ್ ಕಾಂಪೌಂಡ್, ಅಂದ್ರ ಬಣ್ಣದ ಮ್ಯಾಲಿನ ಪದರು ತೇಯೋ ಪೇಸ್ಟ್, ಜರಾ ಬಿಳೇ ಅರಿವಿಗೆ ಹಚ್ಚಿ ಬಾಗಲದ ಮ್ಯಾಲ ತಿಕ್ಕಿ ಅರಿವಿ ನೋಡ್ರಿ. ಅರಿವಿ ಕೆಂಪಾದ್ರ ಮ್ಯಾಲ ಲ್ಯಾಕರ್ (ಬಣ್ಣ ಇಲ್ಲದ ಹೊಳಪಿನ ಪದರು) ಇಲ್ಲ, ನೇರ ಬಣ್ಣಾನ ತೇಯತೈತಿ. ಆಗ ಮಾಸಿದ ಪದರು ಹೋಗಿ ಕೆಳಗಿನ ಕೆಂಪು ಬರತೈತಿ, ಫರಕ ಭಾಳ ಕಡಿಮಿ ಆಗತೈತಿ. ಅರಿವಿ ಬೆಳ್ಳಗ ಉಳದ್ರ ಲ್ಯಾಕರ್ ಐತಿ. ಲ್ಯಾಕರ್ ಅಂದ್ರ ಒಂದು ತಲಿಗೂದಲಿನಷ್ಟೂ ದಪ್ಪ ಇರೂದಿಲ್ಲ. ಅದು ಹೋದ್ರ ಮತ್ತ ಬರೂದಿಲ್ಲ. ಕೈಲೇ ತಿಕ್ರಿ, ಮಿಷನ್ ಬ್ಯಾಡ. ಬಾಗಲದ ಅಂಚು, ಉಬ್ಬಿದ ಗೆರಿ ಮ್ಯಾಲ ಬಣ್ಣ ತೆಳ್ಳಗ ಇರತೈತಿ, ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಕೋರಿ. ಕರೀ ಪ್ಲಾಸ್ಟಿಕ್ಕಿಗೂ ಹಚ್ರಿ, ಕಾಂಪೌಂಡ್ ತಾಗಿದ್ರ ಬೆಳ್ಳಗ ಕುಂತು ಬಿಡೂದಿಲ್ಲ. ಆಮ್ಯಾಲ ಪಾಲಿಶ್, ಕಡೀಕ ವ್ಯಾಕ್ಸ್.

ಡಿಕ್ಕಿಗೆ ಮಾತ್ರ ಕಾಂಪೌಂಡ್ ಬ್ಯಾಡ. ಆ ಬಣ್ಣಕ್ಕ ಕಾಲಿಲ್ಲ.

ನವನಗರ ಟೀಚರ್ · ಮುಂದಿನ ಗುರುವಾರ

ಅರಿವಿ ಕೆಂಪಾತು. ಎಡಗಡೆ ಎರಡು ಬಾಗಲ ಕೈಲೇ ತಿಕ್ಕಿ ಪಾಲಿಶ್ ಹಾಕಿದ್ವಿ. ತೋಳು ಇನ್ನೂ ನೋಯ್ತಾವ, ಆದ್ರ ಪಟ್ಟಿ ಎಲ್ಲಿತ್ತು ಅಂತ ಗೊತ್ತಿದ್ದವರಿಗಷ್ಟ ಕಾಣ್ತದ. ಉಣಕಲ್ ಕೆರಿ ದಂಡಿಗೆ ನಿಲ್ಲಿಸಿ ಮಗ ಫೋಟೋ ತಗದಾನ, ಕೆಳಗ ಹಾಕೀನಿ. ಬಲಗಡೆ ಈ ಭಾನುವಾರ.

ಡಿಕ್ಕಿ ಹಂಗ ಬಿಟ್ಟೀನಿ. ಮಧ್ಯಾಹ್ನ ಅಷ್ಟು ಕಾಣೂದಿಲ್ಲ. ಸಂಜಿ ಬಿಸಲು ಅಡ್ಡ ಬಿದ್ದಾಗ ಆ ಕೂಸಿನ ಹೆಸರು ಎದ್ದು ಮೂಡ್ತದ. ಪೇಂಟರ್ ಅಣ್ಣಾರ, ದಸರಾ ಮುಂದ ರೊಕ್ಕ ಕೂಡಿದ್ರ ಡಿಕ್ಕಿ ಒಂದ ಹೊಡಸೂಣು ಅಂತ ಮಾಡೀನಿ. ಗದಗಕ್ಕ ತರಲೇನು?

ಗದಗ ಪೇಂಟರ್ · ಗುರುವಾರ

ತರ್ರಿ. ಮಳಿ ನಿಂತ ಮ್ಯಾಲ ಬರ್ರಿ, ಹಸೀ ಹವಾದಾಗ ಬಣ್ಣ ಹೊಡದ್ರ ಮಂಜು ಕಟ್ತೈತಿ. ಎರಡು ದಿನ ಗಾಡಿ ಬಿಡಬೇಕಾಗತೈತಿ. ಹಳೇದು ಪೂರಾ ತಿಕ್ಕಿ ತಗದ ಹೊಡೀತೀನಿ.